ನಮ್ಮೋರ ಪಟ್ಟಿ

ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಟೌನ್‌ಹೌಸಿನ ಬಾಗಿಲಿಗೆ ವರ್ಷಕ್ಕೊಂದು ಸಲ ಎರಡು ದಪ್ಪ ಫೋನ್ ಪುಸ್ತಕಗಳು ಪ್ಲಾಸ್ಟಿಕ್ ಚೀಲದಲ್ಲಿ ಬಂದು ಬೀಳುತ್ತಿದ್ದವು. ಒಂದರಲ್ಲಿ ಅಂಗಡಿಗಳು, ಇನ್ನೊಂದರಲ್ಲಿ ಜನ. ಅಲ್ಲಿಯವರು ಅದನ್ನು ಯಾವುದೋ ಡ್ರಾಯರಿಗೆ ತಳ್ಳಿ ಮರೆತುಬಿಡುತ್ತಿದ್ದರು. ನಾನು ಓದುತ್ತಿದ್ದೆ. ಮೊದಲಿನಿಂದ ಕೊನೆಯವರೆಗೆ, ಕಾದಂಬರಿ ಓದುವ ಹಾಗೆ, ಕೈಯಲ್ಲಿ ಪೆನ್ಸಿಲ್ ಹಿಡಿದು.

ತೊಂಬತ್ತರ ದಶಕದ ನಡುವಿನ ಮಾತು ಇದು. ನನಗೆ ಆಗ ಇಪ್ಪತ್ತೇಳು. ಗಂಡನಿಗೆ ಡಲಸ್ ಏರ್‌ಪೋರ್ಟಿನ ಹತ್ತಿರ ಪ್ರೋಗ್ರಾಮರ್ ಕೆಲಸ. ನನ್ನದು ಅವರ ಬೆನ್ನಿಗೆ ಅಂಟಿಕೊಂಡು ಬಂದ, ದುಡಿಯುವ ಹಾಗಿಲ್ಲದ ವೀಸಾ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಗದರಿಸಲು ನಲವತ್ತು ಜನರಾದರೂ ಇದ್ದರು. ಇಲ್ಲಿ ಸಿಗುತ್ತಿದ್ದವರು ಗಂಡ ಒಬ್ಬರೇ, ಅವರೂ ಸಂಜೆ ಆರೂವರೆಯ ಮೇಲೆ. ಉಳಿದ ಹೊತ್ತೆಲ್ಲ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆ ಕಾಲದಲ್ಲಿ ಹೊಸದಾಗಿ ಬಂದ ಕನ್ನಡದವರೆಲ್ಲ ಮಾಡುತ್ತಿದ್ದ ಕೆಲಸವನ್ನೇ ನಾನೂ ಮಾಡಿದೆ. ಫೋನ್ ಪುಸ್ತಕ ತೆರೆದು, ನಮ್ಮ ಕಡೆಯ ಹೆಸರು ಹುಡುಕಿ, ಗುರುತು ಪರಿಚಯ ಇಲ್ಲದಿದ್ದರೂ ಫೋನ್ ಮಾಡುವುದು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಊಟಕ್ಕೆ ಬನ್ನಿ ಎನ್ನುತ್ತಿದ್ದರು, ಎಲ್ಲಿ ಒಳ್ಳೆಯ ಹುಣಸೆಹಣ್ಣು ಸಿಗುತ್ತದೆಂದು ಹೇಳುತ್ತಿದ್ದರು. ಕನ್ನಡ ಕೂಟದವರು ಯುಗಾದಿಯ ಹೊತ್ತಿಗೆ ಒಂದು ವಿಳಾಸಗಳ ಪಟ್ಟಿ ಅಚ್ಚು ಹಾಕಿಸಬೇಕೆಂದು ಹೊರಟಾಗ, ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಸಂತೋಷದಿಂದಲೇ ಕಟ್ಟಿಸಿಕೊಂಡೆ.

ಗೌಡ, ಹೆಗಡೆ ಎಂದು ಕಂಡರೆ ಕಣ್ಣು ಮುಚ್ಚಿಕೊಂಡು ಟಿಕ್. ರಾವ್ ಎಂದರೆ ತೆಲುಗಿನವರೂ ಆಗಬಹುದು, ಮರಾಠಿಯವರೂ ಆಗಬಹುದು, ಮೊದಲ ಹೆಸರು ನೋಡಬೇಕು. ಗೀತಾ, ಲತಾ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಟಿ ಪಕ್ಕದಲ್ಲಿ ಎಚ್ ಇದ್ದರೆ ದಕ್ಷಿಣದವರು, ಬರೀ ಟಿ ಇದ್ದರೆ ಉತ್ತರದವರು. ಅಪ್ಪ ಎಂದು ಮುಗಿದರೆ ಯೋಚನೆಯೇ ಬೇಡ. ಹೆಸರು ನೋಡಿ ಊರು ಹೇಳುತ್ತಿದ್ದೆ, ಜಾತಿ ಹೇಳುತ್ತಿದ್ದೆ, ಅವರ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಾರೋ ಇಲ್ಲವೋ ಅದನ್ನೂ ಹೇಳುತ್ತಿದ್ದೆ. ಬಹುಪಾಲು ಸರಿಯಾಗಿರುತ್ತಿತ್ತು. ಅದರ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆಚೆಯಿಂದ ಫೋನ್ ಎತ್ತಿದವರನ್ನು ನಾನು ಮೊದಲು ಕೇಳುತ್ತಿದ್ದದ್ದು, ‘ನೀವು ನಮ್ಮೋರಾ?’ ಎಂದು. ನಮ್ಮೋರು ಎಂಬ ಮಾತಿಗೆ ಅಳತೆಯೇ ಇಲ್ಲ. ಸ್ಟರ್ಲಿಂಗ್‌ನಲ್ಲಿ ಅದಕ್ಕೆ ಕನ್ನಡದವರು ಎಂದು ಅರ್ಥ. ಮೈಸೂರಿನ ಮದುವೆಮನೆಯಲ್ಲಿ ಅದೇ ಮಾತನ್ನು ದನಿ ತಗ್ಗಿಸಿ ಕೇಳಿದರೆ ಅರ್ಥ ಬೇರೆ. ಕೇಳಿದವರಿಗೂ ಕೇಳಿಸಿಕೊಂಡವರಿಗೂ ಯಾವುದು ಎಂದು ಗೊತ್ತಿರುತ್ತದೆ.

ಈ ಪದವನ್ನು ಗೋಡೆಯ ಆಚೆಯಿಂದ ಕೇಳಿ ಕೇಳಿಯೇ ಕಲಿತವರು ಪಕ್ಕದ ಮನೆಯ ಅಂಕಲ್. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳನೆಯದು. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ನಾನು ಫೋನಿನಲ್ಲಿ ಕಿರುಚಿದರೆ ಅವರಿಗೆ. ಎಪ್ಪತ್ತೈದರ ಆಸುಪಾಸಿನ ವಯಸ್ಸು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಯುದ್ಧ ಮುಗಿದ ಮೇಲೆ ಯುರೋಪಿನ ಪೂರ್ವದ ಒಂದು ಪುಟ್ಟ ದೇಶದಿಂದ ಬಂದು, ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಅಂಕಲ್ ಎಂದು ಕರೆದರೆ ಅಮೆರಿಕದವರು ಗಲಿಬಿಲಿಗೊಳ್ಳುತ್ತಾರೆ. ಇವರು ಮೊದಲ ಸಲ ಕರೆದಾಗಲೇ ಖುಷಿಪಟ್ಟರು. ನಾನು ಫೋನಿನಲ್ಲಿ ಪದೇ ಪದೇ ಹೇಳುವ ಆ ಪದ ಏನು ಎಂದು ಒಂದು ದಿನ ಕೇಳಿದರು. ನಮ್ಮ ಜನ ಎಂದು ಅರ್ಥ ಅಂದೆ. ನಮ್ಮೋರು, ನಮ್ಮೋರು ಎಂದು ಎರಡು ಸಲ ಹೇಳಿ ನೋಡಿ ನಕ್ಕರು.

ನನಗೆ ಕಾರು ಓಡಿಸಲು ಕಲಿಸಿದವರೂ ಅವರೇ. ಸ್ಟರ್ಲಿಂಗ್‌ನಲ್ಲಿ ಕಾರಿಲ್ಲದವರಿಗೆ ಒಂದು ಸೇರು ಹಾಲು ಬೇಕಾದರೂ ಇನ್ನೊಬ್ಬರ ದಯೆ ಬೇಕು. ಗಂಡ ಕಲಿಸಲು ಹೋಗಿ ಎರಡು ಭಾನುವಾರಗಳಲ್ಲೇ ನಮ್ಮ ಸಂಸಾರ ಮುರಿದುಬೀಳುವ ಹಾಗಾಗಿತ್ತು. ಅಂಕಲ್ ತಾವಾಗಿ ಮುಂದೆ ಬಂದರು. ಮುಚ್ಚಿಹೋದ ಅಂಗಡಿಯೊಂದರ ಪಾರ್ಕಿಂಗ್ ಲಾಟಿನಲ್ಲಿ ತಮ್ಮ ಉದ್ದನೆಯ ಹಳೆಯ ಕಾರಿನಲ್ಲಿ ಕೂರಿಸಿ ಹೇಳಿಕೊಡುತ್ತಿದ್ದರು. ಒಂದು ಸಲವೂ ದನಿ ಏರಿಸಲಿಲ್ಲ. ಮೊದಲು ಕನ್ನಡಿ, ಹಿಂದೆ ಯಾರಿದ್ದಾರೆಂದು ನೋಡದೆ ಹೊರಡಬೇಡ, ಎನ್ನುತ್ತಿದ್ದರು. ಅವರು ಮಾತಾಡಿದ್ದು ಅವರ ದೇಶದ ಎಳೆತವಿದ್ದ ಇಂಗ್ಲಿಷು. ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡದಲ್ಲೇ ಉಳಿದಿದೆ, ಯಾಕೋ ಗೊತ್ತಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ನಮ್ಮ ಸ್ಟೀಲ್ ಡಬ್ಬಿ ಹಿಂತಿರುಗಿಸಲು ಬಂದರು. ಹಿಂದಿನ ದಿನ ಅದರಲ್ಲಿ ಚಿತ್ರಾನ್ನ ಕೊಟ್ಟಿದ್ದೆ. ಊಟದ ಮೇಜಿನ ಮೇಲೆ ಫೋನ್ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ಪೆನ್ಸಿಲ್. ಏನು ಮಾಡುತ್ತಿದ್ದೀಯಾ ಎಂದು ಕೇಳಿದರು. ನನಗೆ ಅಷ್ಟು ಸಾಕಾಯಿತು. ಟಿ ಪಕ್ಕದ ಎಚ್‌ನಿಂದ ಹಿಡಿದು ಅಪ್ಪನವರೆಗೆ ನನ್ನ ವಿದ್ಯೆಯನ್ನೆಲ್ಲ ಬಿಚ್ಚಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಬಾಗಿ, ಟಿಕ್ ಹಾಕಿದ ಹೆಸರುಗಳ ಮೇಲೆ ಬೆರಳಿಟ್ಟು ಕೆಳಕ್ಕೆ ಸರಿಸುತ್ತ ಹೋದರು. ಬೆರಳು ಒಂದೊಂದು ಟಿಕ್‌ನ ಹತ್ತಿರವೂ ಒಂದು ಕ್ಷಣ ನಿಲ್ಲುತ್ತಿತ್ತು.

‘ಹೆಸರು ನೋಡಿದ್ರೇ ಗೊತ್ತಾಗುತ್ತಾ ನಿಂಗೆ?’ ಎಂದರು.

ಹುಟ್ಟಿದಾಗಿನಿಂದ ಈ ಜನರ ಮಧ್ಯೆಯೇ ಇದ್ದವಳಿಗೆ ಗೊತ್ತಾಗದೆ ಇರುತ್ತದೆಯೇ ಅಂದೆ.

‘ನಾನೂ ಮಾಡಿದ್ದೆ. ಪೆನ್ಸಿಲ್‌ನಲ್ಲೇ.’

ಪಾಪ, ಇವರೂ ನಮ್ಮ ಹಾಗೆ ಹೊಸದಾಗಿ ಬಂದಾಗ ತಮ್ಮ ದೇಶದವರನ್ನು ಫೋನ್ ಪುಸ್ತಕದಲ್ಲಿ ಹುಡುಕಿರಬೇಕು ಅಂದುಕೊಂಡೆ. ಚಹಾಕ್ಕೆ ನೀರಿಡುತ್ತ ಅವರಿಗೆ ಬೆನ್ನು ಮಾಡಿಕೊಂಡೇ ಕೇಳಿದೆ. ‘ನೀವೂ ನಿಮ್ಮೋರನ್ನ ಹುಡುಕಿದ್ರಾ ಅಂಕಲ್?’

ಅವರು ನನ್ನ ಪದವನ್ನೇ ಬಳಸಿ ಉತ್ತರ ಕೊಟ್ಟರು. ‘ಇಲ್ಲ. ನಮ್ಮೋರು ಅಲ್ಲದೋರನ್ನ.’

ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ತಮ್ಮ ಊರಿನ ಅಂಚೆಕಚೇರಿಯಲ್ಲಿ ಗುಮಾಸ್ತ, ಮನೆಮನೆಗೆ ಕಾಗದ ಹಂಚುವವರೂ ಅವರೇ. ಬೇಸಿಗೆಯಲ್ಲಿ ಜರ್ಮನ್ ಸೈನ್ಯ ಬಂತು. ಬಂದವರಿಗೆ ಊರಿನವರೆಲ್ಲ ಒಂದೇ ತರಹ ಕಾಣುತ್ತಿದ್ದರು, ಯಾರು ಯೆಹೂದಿ, ಯಾರಲ್ಲ ಎಂದು ತಿಳಿಯುತ್ತಿರಲಿಲ್ಲ. ಅಧಿಕಾರಿಯೊಬ್ಬ ಅಂಚೆ ಬಟವಾಡೆಯ ಪುಸ್ತಕ ತರಿಸಿ, ಇವರನ್ನು ಕೂರಿಸಿ, ಕೈಗೆ ಪೆನ್ಸಿಲ್ ಕೊಟ್ಟ. ಯೆಹೂದಿಗಳ ಮನೆಗೆ ಗುರುತು ಹಾಕು ಎಂದ. ಗದರಿಸಲಿಲ್ಲವಂತೆ, ಸಿಗರೇಟು ಕೊಟ್ಟನಂತೆ. ಇವರು ಗುರುತು ಹಾಕಿದರು. ಹೆಸರಿನಿಂದ ತಿಳಿಯದ ಕೆಲವರಿದ್ದರು, ಅವರ ಮನೆಗೆ ಯಾವ ಪತ್ರಿಕೆ ಬರುತ್ತದೆ, ಎಲ್ಲಿಂದ ಕಾಗದ ಬರುತ್ತದೆ ಎನ್ನುವುದು ಅಂಚೆಯವನಿಗೆ ಗೊತ್ತು. ಅವರಿಗೂ ಹಾಕಿದರು. ಒಂದು ಮನೆಯನ್ನು ಮಾತ್ರ ಬಿಟ್ಟು ಮುಂದೆ ಹೋದರು. ಅದು ಚಿಕ್ಕಂದಿನಲ್ಲಿ ಅವರಿಗೆ ಅಕ್ಷರ ಕಲಿಸಿದ ಟೀಚರಮ್ಮನ ಮನೆ. ಪಕ್ಕದ ಮೇಜಿನ ಹಿರಿಯ ಗುಮಾಸ್ತನಿಗೂ ಆ ಮನೆ ಗೊತ್ತಿತ್ತು. ಅವನು ಹೇಳಿಬಿಟ್ಟರೆ ಎಂದು ಹೆದರಿ ಪುಟ ಹಿಂದಕ್ಕೆ ಮಗುಚಿ ಅದಕ್ಕೂ ಹಾಕಿದರು.

ಮರುದಿನ ಬೆಳಿಗ್ಗೆ ಸೈನಿಕರ ಜೊತೆ, ತೋಳಿಗೆ ಪಟ್ಟಿ ಕಟ್ಟಿಕೊಂಡ ಊರಿನ ಹುಡುಗರ ಜೊತೆ, ಬೀದಿ ಬೀದಿ ನಡೆದು ಮನೆ ತೋರಿಸಿದರು. ಬಾಯಲ್ಲಿ ಮನೆ ನಂಬರು ಮಾತ್ರ ಹೇಳಿದರಂತೆ. ಟೀಚರಮ್ಮನ ಕಿಟಕಿಯಲ್ಲಿ ಅವರ ಮಗಳು ನಿಂತಿದ್ದಳು, ಒಂಬತ್ತು ವರ್ಷದವಳು. ಇವರನ್ನು ನೋಡಿ ಕೈ ಬೀಸಿದಳು, ದಿನಾ ಕಾಗದ ತರುವವರಲ್ಲವೇ. ಊರಾಚೆ ಮರದ ಅಡ್ಡೆಯ ಹಿಂದೆ ಮರಳು ತೆಗೆದ ಹಳ್ಳಗಳಿದ್ದವು. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ತಾವು ಅಲ್ಲಿಗೆ ಹೋಗಲಿಲ್ಲ ಎಂದರು ಅಂಕಲ್. ಗುಂಡಿನ ಸದ್ದು ಮಾತ್ರ ಇಡೀ ಊರಿಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಜನ ಆ ಮನೆಗಳಿಗೆ ನುಗ್ಗಿದ್ದರು. ಹಾಸಿಗೆ, ಪಾತ್ರೆ, ಕಿಟಕಿಯ ಪರದೆ. ಅವರ ತಾಯಿಗೆ ಟೀಚರಮ್ಮನ ಹೊಲಿಗೆ ಮೆಷಿನ್ ಮೇಲೆ ಮೊದಲಿನಿಂದಲೂ ಆಸೆ ಇತ್ತು. ಇವರೇ ಹೊತ್ತು ತಂದುಕೊಟ್ಟರು.

‘ನಾನು ಯಾರನ್ನೂ ಕೊಲ್ಲಲಿಲ್ಲ. ನಂಗೆ ಹೆದರಿಕೆ ಆಗಿತ್ತು ಅಷ್ಟೇ,’ ಎಂದರು.

ಚಹಾ ಕುದಿದು ಉಕ್ಕಿ ಒಲೆಯೆಲ್ಲ ಹೊಲಸಾಗಿತ್ತು. ಉಳಿದದ್ದನ್ನು ಲೋಟಕ್ಕೆ ಸೋಸಿ ಕೊಟ್ಟೆ. ಅವರು ಕುಡಿದು, ಯಾವಾಗಲೂ ಮಾಡುವ ಹಾಗೆ ಲೋಟವನ್ನು ತಾವೇ ತೊಳೆದಿಟ್ಟು, ಗುರುವಾರ ಹತ್ತು ಗಂಟೆಗೆ ಪ್ರಾಕ್ಟೀಸ್ ಇದೆ, ಮರೆಯಬೇಡ ಎಂದು ಹೇಳಿ ಹೋದರು.

ಬಾಗಿಲು ಹಾಕಿ ಬೀಗ ತಿರುಗಿಸಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮುದುಕ ನನಗೇನು ಮಾಡಿಯಾರು? ಏನೂ ಮಾಡಲಾರರು, ನನಗೆ ಗೊತ್ತಿತ್ತು. ಆದರೂ ಬೀಗದ ಮೇಲೆ ಸರಪಳಿಯನ್ನೂ ಸಿಕ್ಕಿಸಿದೆ. ಮೇಜಿನ ಹತ್ತಿರ ಬಂದು ಪುಸ್ತಕ ನೋಡಿದರೆ ಅದರಲ್ಲಿ ನನ್ನ ಟಿಕ್‌ಗಳು ಸಾಲಾಗಿ ನಿಂತಿದ್ದವು, ಹೆಸರು, ಬೀದಿ, ಮನೆ ನಂಬರು ಸಮೇತ. ರಬ್ಬರ್ ತೆಗೆದುಕೊಂಡು ಒಂದು ಪುಟ ಉಜ್ಜಿದೆ. ಬಣ್ಣ ಹೋಯಿತು, ಒತ್ತಿ ಬರೆದ ಗೆರೆ ಹೋಗಲಿಲ್ಲ. ಪುಸ್ತಕವನ್ನು ಬಟ್ಟೆಯ ಬೀರುವಿನ ತಳಕ್ಕೆ ಹಾಕಿಬಿಟ್ಟೆ. ಅಷ್ಟರೊಳಗೆ ಕೂಟದವರಿಗೆ ಬರೆದು ಕಳಿಸಿದ್ದ ಹೆಸರುಗಳೇ ಯುಗಾದಿಯ ಪಟ್ಟಿಯಲ್ಲಿ ಅಚ್ಚಾದವು.

ಅಂದಿನಿಂದ ನಾನು ಮನೆಯಲ್ಲಿ ಪಿಸುಮಾತಿಗೆ ಇಳಿದೆ. ಗೋಡೆಯಾಚೆ ರೇಡಿಯೋ ಹಾಡಿದರೆ ಸಮಾಧಾನ, ನಿಂತರೆ ನನ್ನ ಮಾತೂ ನಿಲ್ಲುತ್ತಿತ್ತು. ನಿಂತಿದೆ ಎಂದರೆ ಅವರು ಕಿವಿಗೊಟ್ಟು ಕೂತಿದ್ದಾರೆ ಎಂದೇ ನನ್ನ ಲೆಕ್ಕ. ಅಂದು ಸಂಜೆಯೇ ಗಂಡನಿಗೆ ಹೇಳಿದಾಗ ಅವರು ಬೂಟು ಬಿಚ್ಚುತ್ತಿದ್ದವರು ಹಾಗೆಯೇ ಕೂತರು.

‘ಐವತ್ತ್ ವರ್ಷದ ಹಿಂದಿಂದು ಕಣೇ,’ ಎಂದರು ಕೊನೆಗೆ. ‘ನೀನು ಏನೂ ಕೇಳ್ಸ್ಕೊಂಡಿಲ್ಲ, ಆಯ್ತಾ? ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡೋ ಟೈಮಲ್ಲಿ ಈ ರಗಳೆಯೆಲ್ಲ ನಮಗ್ಯಾಕೆ?’

ನನ್ನ ಗಂಡ ಕೆಟ್ಟವರಲ್ಲ. ಹೆದರುಪುಕ್ಕಲರೂ ಅಲ್ಲ, ಹಾವು ಕಂಡರೆ ಓಡಿಹೋಗದೆ ನಿಂತು ನೋಡುವ ಜಾತಿ. ಆದರೆ ಪರದೇಶದ ಕಾಗದಪತ್ರದ ಭಯವೇ ಬೇರೆ. ಒಂದು ಸಹಿ ತಪ್ಪಿದರೆ, ಯಾರೋ ಒಬ್ಬ ಅಧಿಕಾರಿಗೆ ಸಂಶಯ ಬಂದರೆ, ಆರು ವರ್ಷದ ದುಡಿಮೆ ಸೂಟ್‌ಕೇಸಿಗೆ ವಾಪಸು. ನಮ್ಮ ಗುಂಪಿನಲ್ಲಿ ಎಲ್ಲರೂ ಇದೇ ಭಯವನ್ನು ಊಟದ ಜೊತೆಗೆ ನುಂಗುತ್ತಿದ್ದೆವು.

ಗುರುವಾರ ಬಂತು. ಹೋಗಲಾರೆ ಎಂದು ಹೇಳಲು ಬಾಗಿಲ ತನಕ ಬಂದವಳು, ಅಂಕಲ್ ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದನ್ನು ನೋಡಿ ಹೋಗಿ ಕೂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯಬೇಕು. ನನಗೆ ಲೈಸೆನ್ಸ್ ಬೇಕಾಗಿತ್ತು. ಸ್ಟಿಯರಿಂಗ್ ಮೇಲೆ ನನ್ನ ಕೈಯನ್ನು ಸರಿಯಾಗಿ ಇಡಿಸಲು ಅವರು ಕೈ ಚಾಚಿದಾಗ ಮೈಯೆಲ್ಲ ಮುದುಡಿತು. ಪೆನ್ಸಿಲ್ ಹಿಡಿದ ಕೈ ಇದೇ ಅಲ್ಲವೇ ಎಂದು ನೋಡಿದೆ. ಉಗುರು ಶುಭ್ರವಾಗಿ ಕತ್ತರಿಸಿದ, ಚರ್ಮ ಸುಕ್ಕುಗಟ್ಟಿದ, ಸಾಧಾರಣ ಕೈ. ಏಪ್ರಿಲ್‌ನಲ್ಲಿ ಅವರ ಕಾರಿನಲ್ಲೇ ಟೆಸ್ಟ್ ಕೊಟ್ಟು ಪಾಸಾದೆ. ಗಂಡ ನನಗೊಂದು ಹಳೆಯ ಕಾರು ಕೊಡಿಸಿದರು.

ಬೇಸಿಗೆಯಲ್ಲಿ ಗ್ರೀನ್ ಕಾರ್ಡಿನ ಫಾರಂ ತುಂಬಿದೆವು. ಅದರಲ್ಲಿ ಹೌದು, ಇಲ್ಲ ಎಂದು ಗುರುತು ಹಾಕುವ ಪ್ರಶ್ನೆಗಳ ಸಾಲೇ ಇತ್ತು. ಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಸರ್ಕಾರದ ಜೊತೆ ಸೇರಿ ಯಾರನ್ನಾದರೂ ಪೀಡಿಸಲು ಅಪ್ಪಣೆ ಕೊಟ್ಟಿದ್ದೀರಾ, ನೆರವಾಗಿದ್ದೀರಾ, ಯಾವುದೇ ರೀತಿ ಪಾಲ್ಗೊಂಡಿದ್ದೀರಾ ಎನ್ನುವಂಥದ್ದೂ ಒಂದು. ಈ ಪ್ರಶ್ನೆ ನಮ್ಮ ಗುಂಪಿನಲ್ಲಿ ಒಂದು ತಮಾಷೆಯೇ ಆಗಿತ್ತು. ನಮ್ಮಪ್ಪನೇ ಆಗ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಎಂದು ಎಲ್ಲರೂ ನಗುತ್ತಿದ್ದರು. ಗಂಡ ಅದನ್ನು ಜೋರಾಗಿ ಓದಿ ನಗಲು ಶುರುಮಾಡಿದವರು, ಗೋಡೆಯ ಕಡೆಗೊಮ್ಮೆ ನೋಡಿ, ಸುಮ್ಮನಾಗಿ ‘ಇಲ್ಲ’ಕ್ಕೆ ಗುರುತು ಹಾಕಿದರು.

ನವೆಂಬರಿನಲ್ಲಿ, ಗಂಡ ಆಫೀಸಿಗೆ ಹೋಗಿದ್ದಾಗ, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಬಾಗಿಲು ತಟ್ಟಿದರು. ಸರ್ಕಾರದ ಗುರುತುಚೀಟಿ ತೋರಿಸಿದರು. ನಮ್ಮ ಫಾರಂನಲ್ಲೇ ಏನೋ ತಪ್ಪಾಗಿದೆ ಎಂದೇ ಅಂದುಕೊಂಡೆ. ಅವರು ಬಂದದ್ದು ಪಕ್ಕದ ಮನೆಯವರ ವಿಷಯಕ್ಕೆ. ಯುದ್ಧದಲ್ಲಿ ತಾವು ಮಾಡಿದ್ದನ್ನು ಮುಚ್ಚಿಟ್ಟು ಈ ದೇಶದ ಪೌರರಾದವರನ್ನು ಹುಡುಕುವುದು ಅವರ ಕೆಲಸ. ಮಾತಾಡಿದ್ದೆಲ್ಲ ಆ ಹೆಂಗಸೇ, ನಲವತ್ತು ದಾಟಿದವಳು, ಮೆಲುದನಿಯವಳು. ಒಂದು ಹಳೆಯ ಫೋಟೋ ತೋರಿಸಿದಳು. ಅಂಚೆಯವರ ಟೋಪಿ ಹಾಕಿಕೊಂಡ ಹುಡುಗ. ಆ ಕಿವಿ, ಆ ಗದ್ದ, ಯಾರೂ ಹೇಳಬೇಕಾಗಿರಲಿಲ್ಲ.

ಒಬ್ಬ ಸಾಕ್ಷಿ ಇದ್ದಾರೆ ಎಂದಳು. ಆ ಬೆಳಿಗ್ಗೆ ಕಿಟಕಿಯಲ್ಲಿ ನಿಂತಿದ್ದ ಹುಡುಗಿ. ಹಿಂಬದಿಯ ಸೌದೆಮನೆಯಲ್ಲಿ ಅವಿತು ಬದುಕಿಕೊಂಡವಳು, ಈಗ ಮೇರಿಲ್ಯಾಂಡಿನಲ್ಲಿದ್ದಾರೆ, ಇಲ್ಲಿಂದ ಒಂದು ಗಂಟೆಯ ದಾರಿ. ಫೋಟೋ ನೋಡಿ ಗುರುತಿಸಿದ್ದಾರೆ. ಆದರೆ ಆಗ ಅವರಿಗೆ ಒಂಬತ್ತು ವರ್ಷ. ಮಗುವಿನ ನೆನಪನ್ನು ನಂಬಲಾಗದು ಎಂದು ವಕೀಲರು ಹೇಳಿದರೆ ಕೇಸು ಅಲ್ಲಿಗೇ ಮುಗಿಯಿತು. ತನ್ನ ಮನೆಯವರ ಸಾವಿಗೆ ಕಾರಣರಾದವರಲ್ಲಿ ಒಬ್ಬನ ಹೆಸರಾದರೂ ಕೋರ್ಟಿನಲ್ಲಿ ಓದುವುದನ್ನು ಕೇಳಬೇಕೆಂದು ಅವರು ಕಾಯುತ್ತಿದ್ದಾರೆ. ಈ ಮನುಷ್ಯ ತಾನಾಗಿ ಯಾರ ಹತ್ತಿರವಾದರೂ ಬಾಯಿಬಿಟ್ಟಿದ್ದರೆ ಅದು ದೊಡ್ಡ ಸಹಾಯ. ನಿಮ್ಮ ಹತ್ತಿರ ಯಾವತ್ತಾದರೂ ಯುದ್ಧದ ಮಾತು ಎತ್ತಿದ್ದರೇ?

ಗೋಡೆಯಾಚೆ ರೇಡಿಯೋ ನಿಂತಿತು.

ಅವರು ಅಲ್ಲಿ, ಗೋಡೆಗೆ ಕಿವಿಯಿಟ್ಟು, ನನ್ನಿಂದ ಎರಡಡಿ ದೂರದಲ್ಲಿದ್ದಾರೆ. ಮುಂದೆ ಸೋಫಾದಲ್ಲಿ ಸರ್ಕಾರ ಕೂತಿದೆ. ಮೇಜಿನ ಮೇಲೆ, ಆ ಹೆಂಗಸಿನ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ನಮ್ಮ ವಕೀಲರು ಕಳಿಸಿದ ಗ್ರೀನ್ ಕಾರ್ಡಿನ ಲಕೋಟೆ. ಹೌದು ಎಂದರೆ ಕೋರ್ಟು, ಸಾಕ್ಷಿ, ಪ್ರಶ್ನೆ, ನಮ್ಮ ಹೆಸರು ಯಾವುದೋ ಫೈಲಿನಲ್ಲಿ. ಇಷ್ಟು ತಿಂಗಳು ಯಾಕೆ ಸುಮ್ಮನಿದ್ದಿ ಎನ್ನುವ ಪ್ರಶ್ನೆ ಬೇರೆ.

‘ಇಲ್ಲ. ನಂಗೆ ಡ್ರೈವಿಂಗ್ ಹೇಳ್ಕೊಟ್ರು ಅಷ್ಟೇ,’ ಎಂದೆ.

ಆಕೆ ಮತ್ತೊಂದು ಸಲ ಕೇಳಿದಳು. ಮತ್ತೊಂದು ಸಲ ಇಲ್ಲ ಎಂದೆ. ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟು, ನೆನಪಾದರೆ ಫೋನ್ ಮಾಡಿ ಎಂದು ಹೇಳಿ ಹೋದಳು. ಅವರ ಕಾರು ತಿರುವು ದಾಟುವ ಹೊತ್ತಿಗೆ ರೇಡಿಯೋ ಮತ್ತೆ ಶುರುವಾಯಿತು.

ಅಂಕಲ್ ಆ ವಿಷಯ ಎತ್ತಲೇ ಇಲ್ಲ. ಡಿಸೆಂಬರಿನ ಮೊದಲ ಹಿಮ ಬಿದ್ದ ದಿನ ನಾನು ಹೊರಗೆ ಬಂದರೆ, ನಮ್ಮ ಸಾಲಿನ ಕಾರುಗಳೆಲ್ಲ ಬೆಳ್ಳಗೆ ಮುಚ್ಚಿಹೋಗಿದ್ದವು. ನನ್ನದೊಂದರ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು. ಆ ಚಳಿಗಾಲವಿಡೀ ಹಾಗೆಯೇ, ನಾನು ಏಳುವ ಮೊದಲೇ ಅಂಕಲ್ ಹಿಮ ಕೆರೆದಿರುತ್ತಿದ್ದರು. ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ. ನಾನು ನನಗೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ನೆರೆಯವರ ಮನೆಗೆ ಬೆರಳು ತೋರಿಸಿದ್ದೇ ಅವರ ಪಾಪ, ನಾನು ಆ ಕೆಲಸ ಮಾಡುವುದಿಲ್ಲ ಎಂದು. ಕೇಳಲು ಎಷ್ಟು ಚೆನ್ನಾಗಿತ್ತು. ಹೆದರಿಕೆಗೆ ಇಸ್ತ್ರಿ ಮಾಡಿದ ಸೀರೆ ಉಡಿಸಿ ಕೂರಿಸಿದ್ದೆ ಅಷ್ಟೇ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಆರ್ಲಿಂಗ್ಟನ್‌ನಲ್ಲಿ ನಮ್ಮ ಇಂಟರ್ವ್ಯೂ ಆಯಿತು. ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಅಧಿಕಾರಿ ಫಾರಂನ ಪ್ರಶ್ನೆಗಳನ್ನು ಬೇಗ ಬೇಗ ಓದುತ್ತ ಹೋದ. ನಾಜಿ ಪ್ರಶ್ನೆಗೆ ಬಂದಾಗ ಅವನೂ ನಕ್ಕ, ಗಂಡನೂ ನಕ್ಕರು. ನಾನು ಇಲ್ಲ ಎಂದೆ. ಸರ್ಕಾರಿ ಅಧಿಕಾರಿಗಳಿಗೆ ಯಾವತ್ತಾದರೂ ಸುಳ್ಳು ಹೇಳಿದ್ದೀರಾ ಎಂದು ಆಮೇಲೆ ಕೇಳಿದ. ಕಾರ್ಡ್ ಉಳಿಸಿಕೊಳ್ಳಲು ಹೇಳಿದ ಸುಳ್ಳೇ ಈಗ ಕಾರ್ಡಿನ ಕುತ್ತಿಗೆಗೆ ಬಂದಿತ್ತು. ಅದಕ್ಕೂ ಇಲ್ಲ ಎಂದೆ. ಪಾಸ್‌ಪೋರ್ಟಿನ ಮೇಲೆ ಠಸ್ಸೆ ಬಿತ್ತು. ಗಂಡ ದಾರಿಯುದ್ದಕ್ಕೂ ಹಾಡು ಹೇಳಿಕೊಂಡು ಕಾರು ಓಡಿಸಿದರು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಇಂಡಿಯನ್ ಅಂಗಡಿಗೆ ಸಾಮಾನು ತರಲು ಹೋಗಿದ್ದೆ. ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ಒಬ್ಬರು, ತಲೆಯ ಮೇಲೆ ದುಪಟ್ಟಾ ಹೊದ್ದವರು, ನನ್ನ ಕೈಚೀಲದ ಮೇಲಿದ್ದ ಮೈಸೂರಿನ ಅಂಗಡಿಯ ಹೆಸರು ನೋಡಿ ಅಚ್ಚ ಮೈಸೂರು ಕನ್ನಡದಲ್ಲಿ ಮಾತಾಡಿಸಿದರು. ಅವರದು ಮಂಡಿ ಮೊಹಲ್ಲಾ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಸ್ಟರ್ಲಿಂಗ್‌ಗೆ ಬಂದು ಮೂರು ವರ್ಷವಾಯಿತಂತೆ. ಕನ್ನಡದವರದು ಒಂದು ಪಟ್ಟಿ ಇದೆಯಂತಲ್ಲ, ಅದಕ್ಕೆ ಸೇರಲು ಯಾರನ್ನು ಕೇಳಬೇಕು ಎಂದರು. ಮನೆತನದ ಹೆಸರು ಹೇಳಿದರು, ಫೋನ್ ಪುಸ್ತಕದಲ್ಲೂ ಇದೆ ಎಂದರು.

ಇತ್ತು. ಆ ಹೆಸರು ನನಗೆ ಚೆನ್ನಾಗಿ ನೆನಪಿತ್ತು. ಅಂಥ ಹೆಸರುಗಳ ಪುಟ ಬಂದಾಗಲೆಲ್ಲ ನನ್ನ ಪೆನ್ಸಿಲ್ ನಿಲ್ಲದೆ ಮುಂದಕ್ಕೆ ಹೋಗಿತ್ತು. ಇವರು ನಮ್ಮೋರಾ ಎಂದು ಕೇಳುವ ಯೋಚನೆಯೂ ಬಂದಿರಲಿಲ್ಲ. ಹೆಸರು ನೋಡಿ ಎಲ್ಲವನ್ನೂ ಹೇಳುವ ಜಾಣೆ ನಾನು. ಆ ಪಟ್ಟಿ ಮಾಡಿದ್ದು ನಾನೇ, ತಪ್ಪಾಯಿತು ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ‘ಪರವಾಗಿಲ್ಲ ಬಿಡಿ. ಬಾಂಬೇಲಿ ಆ ಗಲಭೆ ಆದಾಗ ನಮ್ಮ ಚಿಕ್ಕಮ್ಮನ ಮನೆ ಹುಡುಕ್ಕೊಂಡು ಬಂದೋರ ಕೈಲಿ ಲಿಸ್ಟ್ ಇತ್ತಂತೆ. ಒಂದೊಂದ್ ಸಲ ಲಿಸ್ಟಲ್ಲಿ ಇಲ್ದಿರೋದೇ ಒಳ್ಳೇದು,’ ಎಂದು ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡರು. ಆ ಪಟ್ಟಿ ಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ. ಕೊಟ್ಟವರಿಗೆ ಆ ಬೀದಿ ಚೆನ್ನಾಗಿ ಗೊತ್ತಿದ್ದಿರಬೇಕು.

ಅಂಗಡಿಯ ಹೊರಗೆ ನಾಣ್ಯ ಹಾಕುವ ಫೋನ್ ಇತ್ತು. ಸರ್ಕಾರದಿಂದ ಬಂದಿದ್ದ ಆ ಹೆಂಗಸಿನ ಕಾರ್ಡು ಹನ್ನೊಂದು ತಿಂಗಳಿಂದ ನನ್ನ ಪರ್ಸಿನಲ್ಲೇ ಓಡಾಡುತ್ತಿತ್ತು. ಮನೆಯಿಂದ ಮಾಡುವಂತಿರಲಿಲ್ಲ, ಗೋಡೆ ಇತ್ತು. ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಆಕೆಯೇ ಎತ್ತಿಕೊಂಡಳು. ಪಕ್ಕದ ಮನೆಯವರು ನನಗೆ ಎಲ್ಲ ಹೇಳಿದ್ದರು ಎಂದೆ. ಪೆನ್ಸಿಲ್, ಬಟವಾಡೆ ಪುಸ್ತಕ, ಟೀಚರಮ್ಮ, ಹೊಲಿಗೆ ಮೆಷಿನ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಿಟಕಿಯಲ್ಲಿದ್ದ ಹುಡುಗಿ ಕೈ ಬೀಸಿದ್ದನ್ನೂ ಹೇಳಿದೆ.

ಆಕೆ ನಡುವೆ ತಡೆಯದೆ ಕೇಳಿಸಿಕೊಂಡಳು. ಆಮೇಲೆ ಆಕೆ, ಮೇರಿಲ್ಯಾಂಡಿನ ಆ ಸಾಕ್ಷಿ ಜುಲೈ ತಿಂಗಳಲ್ಲಿ ತೀರಿಕೊಂಡರು ಎಂದಳು. ಕೈ ಬೀಸಿದ ವಿಷಯವನ್ನು ಅವರು ಹೇಳುತ್ತಲೇ ಇದ್ದರಂತೆ, ಯಾರೂ ಅದನ್ನು ಗಟ್ಟಿಯಾಗಿ ನಂಬಿರಲಿಲ್ಲವಂತೆ.

ಇದನ್ನು ಕೇಳಿದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? ನಮ್ಮ ಗ್ರೀನ್ ಕಾರ್ಡಿಗೆ ಇದರಿಂದ ತೊಂದರೆ ಆಗುವುದಿಲ್ಲ ತಾನೇ ಎಂದು ಕೇಳಿದೆ. ಆ ಮಾತನ್ನು ಈಗಲೂ ನುಂಗಲು ಆಗಿಲ್ಲ. ಅದನ್ನು ನೋಡುವ ಕಚೇರಿ ತನ್ನದಲ್ಲ ಎಂದಳು ಆಕೆ, ಸಿಟ್ಟಿಲ್ಲದೆ. ನಿಮ್ಮ ಹೇಳಿಕೆ ಬರೆದುಕೊಳ್ಳಲು ಬರುತ್ತೇವೆ ಎಂದಳು. ಬಂದು ಬರೆದುಕೊಂಡರು ಕೂಡ. ನಮ್ಮ ಕಾರ್ಡಿಗೆ ಏನೂ ಆಗಲಿಲ್ಲ. ನೋಡಿದವರು ಉಳಿದಿರಲಿಲ್ಲ, ಕೇಳಿಸಿಕೊಂಡವಳು ಮಾತ್ರ ಇದ್ದೆ. ಕೇಸು ಕೋರ್ಟಿಗೆ ಹೋಗುವ ಮೊದಲೇ ಅಂಕಲ್ ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ ತೀರಿಕೊಂಡರು.

ಫೋನ್ ಇಡುವ ಮೊದಲು ಆಕೆ ಇನ್ನೊಂದು ಪ್ರಶ್ನೆ ಕೇಳಿದ್ದಳು. ಆ ದಿನ ಯಾಕೆ ಇಲ್ಲ ಎಂದಿರಿ?

‘ಹೆದರಿಕೆ ಆಗಿತ್ತು,’ ಎಂದೆ.

‘ಎಲ್ಲರೂ ಹಾಗೇ ಹೇಳ್ತಾರೆ,’ ಎಂದಳು. ಕಾಗದದ ಮೇಲೆ ಏನೋ ಬರೆದುಕೊಳ್ಳುವ ಸದ್ದು ಕೇಳಿಸಿತು.

ಅವತ್ತು ಫೋನ್ ಇಟ್ಟು, ಸಾಮಾನನ್ನು ಹಿಂದಿನ ಸೀಟಿಗೆ ಹಾಕಿ ಕೂತು, ಅಂಕಲ್ ಕಲಿಸಿದ ಹಾಗೆಯೇ, ಮೊದಲು ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಟೆ. ನಮ್ಮ ಬೀದಿಗೆ ತಿರುಗಿದಾಗ ಅಂಕಲ್ ಅಂಚೆಪೆಟ್ಟಿಗೆಗಳ ಹತ್ತಿರ ನಿಂತು, ಬಂದ ಕಾಗದಗಳನ್ನು ಒಂದೊಂದಾಗಿ ತಿರುವಿ ವಿಳಾಸ ನೋಡುತ್ತಿದ್ದರು. ತಲೆಯೆತ್ತಿ ನನ್ನ ಕಾರನ್ನು ನೋಡಿ ಕೈ ಬೀಸಿದರು. ಭಯಕ್ಕೆ ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಸ್ಟಿಯರಿಂಗ್ ಮೇಲಿದ್ದ ಕೈ ಮಾತ್ರ ನನ್ನನ್ನು ಕೇಳದೆಯೇ ಮೇಲಕ್ಕೆದ್ದು, ದಿನಾ ಬೀಸುವ ಹಾಗೆಯೇ ಬೀಸಿತು.